ಮಾವನ ಮೂಗೂ ಚರ್ಚಿನ ಸಾರೂ

೨೦೨೨ನೆಯ ಇಸವಿ, ನನಗಾಗ ಐವತ್ತೆರಡು ವರ್ಷ. ಚಿನ್ನದ ಗಣಿಗಳು ಮುಚ್ಚಿಹೋದ ಊರು ಉರಿಗಾಂನ ಚರ್ಚೊಂದರಲ್ಲಿ ಆಗ ದೇವರಿಗಿಂತ ಹೆಚ್ಚಿನ ಭಯಭಕ್ತಿ ಸಲ್ಲುತ್ತಿದ್ದುದು ನನ್ನ ಸೋದರಮಾವನಿಗೆ ಎಂದರೆ ನೀವು ನಂಬಲೇಬೇಕು! ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಚರ್ಚಿನ ಸೌಟು! ಬಂಗಾರಪೇಟೆಯ ಮದುವೆಮನೆಗಳಲ್ಲಿ ಅಡುಗೆ ಮಾಡಿ ಹಣ್ಣಾಗಿದ್ದ ಈ ಮಹಾನುಭಾವರು ಪ್ರತಿ ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಬಂದು, ಹಳೆಯ ಗಣಿ ಕಾರ್ಮಿಕರಿಗೂ ವಿಧವೆಯರಿಗೂ ಚರ್ಚು ಬಡಿಸುವ ಊಟವನ್ನು ಬಿಟ್ಟಿಯಾಗಿ ಬೇಯಿಸುತ್ತಿದ್ದರು. ತರಕಾರಿ ಹೆಚ್ಚಲು ಶಾಲೆಯ ಮೇಷ್ಟರಾದ ನಾನು.

"ಪಾಠ ಸಾಕು, ಬದ್ನೇಕಾಯಿ ಎಚ್ಚಲಾ ಮೇಷ್ಟ್ರೇ!" ಎಂದು ಮಾವ ನನ್ನನ್ನು ಗದರುತ್ತಿದ್ದರು.

ಅವರದೊಂದು ನೇಮ: ದೇವರಿಗೆ ಮುಟ್ಟುವ ಮೊದಲು ಅಡುಗೆಯನ್ನು ನಾಲಗೆಗೆ ತಾಗಿಸಕೂಡದು. ಯಾವ ದೇವರಿಗೆ? ಅದನ್ನೆಲ್ಲ ಕೇಳುವ ಧೈರ್ಯ ಯಾರಿಗಿತ್ತು! ಫಾದರ್ ಊಟದ ಸಾಲಿನ ಮುಂದೆ ಪ್ರಾರ್ಥಿಸಿ 'ಆಮೆನ್' ಎನ್ನುವವರೆಗೆ ಸಾರು ನೈವೇದ್ಯ. ಉಪ್ಪನ್ನು ಮಾವ ಆವಿಯ ವಾಸನೆಯಿಂದಲೇ ನಿರ್ಣಯಿಸುತ್ತಿದ್ದರು; ಆ ಮೂಗು ಎಂದೂ ತಪ್ಪಿದ್ದಿಲ್ಲ.

ಆದರೆ ಅವರಿಗೆ ಕೊರೊನಾ ಬಂದು ಹೋದ ಮೇಲೆ ಸಾರು ಒಂದು ವಾರ ಸಮುದ್ರ, ಮರುವಾರ ಬಾವಿನೀರು! ಸಾಲಿನಿಂದ ಅಜ್ಜಿಯೊಬ್ಬಳು ಕೂಗಿದಳು:

"ಏನಣ್ಣಾ, ಚಿನ್ನದ ಗಣಿ ಮುಚ್ಚಿದಂಗೆ ಉಪ್ಪಿಂದೂ ಮುಚ್ಬಿಟ್ರಾ?"

"ನಿಂಗೆ ಬೀಪಿ ಐತೆ, ಸುಮ್ಕೆ ಉಣ್ಣಮ್ಮೋ!" ಎಂದರು ಮಾವ.

ಹೊಸದಾಗಿ ಬಂದಿದ್ದ ಫಾದರ್ ನಗಲಿಲ್ಲ. "ಇವರಿಗೆ ವಾರಕ್ಕೆ ಒಂದೇ ಒಳ್ಳೆ ಊಟ ಅಣ್ಣಾ. ಮುಂದಿನ ಸಲ ರುಚಿ ನೋಡಿ ಬಡಿಸಿ. ಇಲ್ಲಾಂದ್ರೆ ಹೋಟೆಲಿಂದ ತರಿಸ್ತೀವಿ."

"ದೇವ್ರಿಗೆ ಎಂಜ್ಲು ಇಕ್ಕಾಕಾಯ್ತದಾ ಸಾಮಿ? ನಿಮ್ಮ ಏಸು ಒಪ್ಪಿದ್ರೂ ನಾನು ಒಪ್ಪಾಕಿಲ್ಲ!"

ಚರ್ಚಿನ ದೇವರ ಮಡಿಯನ್ನು ಫಾದರಿಗೇ ಬೋಧಿಸಿದ ವೀರರು ಮರಳುವ ರೈಲಿನಲ್ಲಿ ಮಾತ್ರ ರುದ್ರಾಕ್ಷಿ ಎಣಿಸುತ್ತ ಕುಳಿತರು. ಬಂಗಾರಪೇಟೆ ಹತ್ತಿರವಾದಾಗ ಕಿಟಕಿಗೆ ಹೇಳಿದಂತೆ ಹೇಳಿದರು: "ಸೌಟು ಕಿತ್ಕೊಂಡ್ರೆ ಭಾನುವಾರ ನಾನೆಲ್ಲಿಗೆ ಓಗ್ಲಲಾ?"

ಮರುವಾರ ಫಾದರ್ ಪ್ರಾರ್ಥನೆಯನ್ನೇ ಅಡುಗೆಮನೆಗೆ ತಂದರು! ಕುದಿಯುವ ಹಂಡೆಯ ಮುಂದೆ ಕಣ್ಣು ಮುಚ್ಚಿ 'ಆಮೆನ್' ಎಂದು, "ದೇವರಿಗೆ ಮುಟ್ಟಿತು. ಈಗ ರುಚಿ ನೋಡಿ ಅಣ್ಣಾ" ಎಂದರು. ಎಂಥ ಪಟ್ಟು! ಮಾವ ಅಂಗೈಗೆ ಸಾರು ಬಿಟ್ಟುಕೊಂಡು ಹೀರಿದರು.

"ಸರಿಯಾಗೈತೆ ಸಾಮಿ."

ಫಾದರೂ ಹೀರಿದರು, ನಾನೂ. ಅದರಲ್ಲಿ ಉಪ್ಪಿನ ಹರಳೂ ಇರಲಿಲ್ಲ. ನಾವಿಬ್ಬರೂ ಮಾವನ ಮುಖ ನೋಡಿದೆವು. ಮಾವ ನೆಲ ನೋಡಿದರು.

"ಆ ಕಾಯ್ಲೆ ಬಂದಾಗಿಂದ ಮೂಗೂ ಇಲ್ಲ, ನಾಲ್ಗೇನೂ ಇಲ್ಲ ಸಾಮಿ."

ಫಾದರ್ ಹಂಡೆಗೆ ಒಂದು ಹಿಡಿ ಉಪ್ಪು ಸುರಿದು, ಸೌಟನ್ನು ಮಾವನ ಕೈಗೇ ಕೊಟ್ಟರು.

"ಇನ್ಮೇಲೆ ಪ್ರಾರ್ಥನೆ ಇಲ್ಲೇ. ನಾಲಗೆ ನಂದು, ಸೌಟು ನಿಮ್ಮದು. ತಿರುವಿ ಅಣ್ಣಾ, ಜನ ಕಾಯ್ತಿದ್ದಾರೆ."

ಅಂದು ಜುಲೈ ಹದಿನೇಳು, ಭಾನುವಾರ.