ಮಲಕಪ್ಪನ ಚಿತ್ರಕ್ಕೆ ಹಾರ

ಎಪ್ಪತ್ತೆಂಟನೇ ಇಸವಿಯ ಮಾತು. ಗುಳೇದಗುಡ್ಡದ ಪೇಂಟರ್ ರಾಚಪ್ಪ ಇಪ್ಪತ್ತು ವರ್ಷ ಸತ್ತವರನ್ನೇ ಬರೆದು ಹೊಟ್ಟೆ ಹೊರೆದವನು. ಯಾರ ಮನೆಯಲ್ಲಾದರೂ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದರೆಂದರೆ ಇವನಿಗೆ ಕರೆ ಬರುತ್ತಿತ್ತು. ಜನ್ಮದಲ್ಲಿ ಒಮ್ಮೆಯಾದರೂ ಜೀವಂತ ಮನುಷ್ಯನನ್ನು ಬರೆಯಬೇಕೆಂದು ಹಟ ತೊಟ್ಟು, ಹೋದ ಅಮಾವಾಸ್ಯೆ ಬನಶಂಕರಿ ಹೊಂಡದ ದಂಡೆಯಲ್ಲಿ ಬೇವಿನ ಗಿಡಕ್ಕೆ ಒರಗಿ, ಕಣ್ಣು ಮುಚ್ಚಿ ಕೂತಿದ್ದ ನೇಕಾರ ಮಲಕಪ್ಪನನ್ನು ಬರೆದಿದ್ದ. ಮೂರರ ಬಸ್ಸಿಗೆ ಬಾಗಲಕೋಟೆಯ ಚಿತ್ರ ಪ್ರದರ್ಶನಕ್ಕೆ ಒಯ್ಯಬೇಕು, ಇವತ್ತೇ ಕಡೆಯ ದಿನ. ಬೆಳಿಗ್ಗೆ ಹೊಂಡದ ನೀರಿಗೆ ಮತ್ತೊಮ್ಮೆ ಹಚ್ಚಿದ ಬಣ್ಣ ಆರಲೆಂದು ಚಿತ್ರವನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಇಟ್ಟದ್ದೇ ತಪ್ಪಾಯಿತು.

"ಯವ್ವಾ, ಮಲಕಪ್ಪಣ್ಣ ಹೋದ್ನೇನಪಾ!" ನೀರಿಗೆ ಹೊರಟಿದ್ದ ನೆರೆಮನೆಯ ಗುರುಲಿಂಗವ್ವ ಕೊಡ ಇಳಿಸಿ ಅಳಲು ಕೂತಳು.

"ಸತ್ತಿಲ್ಲಬೇ! ಆರಾಮ ಕುಂತಾನ!" ಎನ್ನುತ್ತ ರಾಚಪ್ಪ ಒಳಗಿನಿಂದ ಓಡಿ ಬಂದ.

"ಒರಗಿಸಿ ಕುಂದರಿಸ್ಯಾರ, ಕಣ್ಣ ಮುಚ್ಚ್ಯಾರ, ಮತ್ತ ಸತ್ತಿಲ್ಲ ಅಂತಿ?"

ಅಳು ಕೇಳಿ ಎದುರು ಮನೆಯ ಸಂಗಯ್ಯ ಬಂದರು. ಊರ ಹೆಣಗಳ ಕ್ರಿಯೆಯೆಲ್ಲ ಅವರದೇ. ಕನ್ನಡಕ ಏರಿಸಿ ನೋಡಿದರು.

"ಸುಳ್ಳ ಯಾಕ ಹೇಳ್ತಿ ರಾಚಪ್ಪಾ? ಕೈ ತೊಡಿ ಮ್ಯಾಲ ಖಾಲಿ ಅದಾವು. ಮಲಕಪ್ಪನ ಕೈ ಜೀವ ಇದ್ದಾಗ ಮಗ್ಗದ ಲಾಳಿ ಬಿಟ್ಟಾವೇನು? ಕುಣಿ ಎಷ್ಟೊತ್ತಿಗೆ ತೋಡೋದು, ಅದನ್ನ ಹೇಳು."

ಎರಡು ಗಂಟೆಗೆ ಓಣಿ ತುಂಬಿತು. ಭಜನೆಯವರು ತಾಳ ಹಿಡಿದು ಬಂದರು. ಯಾರೋ ಊದಿನಕಡ್ಡಿಯನ್ನು ಚೌಕಟ್ಟಿಗೇ ಸಿಕ್ಕಿಸಿದರು. ಹಸಿ ಬಣ್ಣದ ಹೊಂಡದಲ್ಲಿ ಬೂದಿ ಬಿತ್ತು. ಕೂಗಿ ಕೂಗಿ ಸೋತ ರಾಚಪ್ಪ, ಕಡೆಗೆ ಮೇಲಿನ ಓಣಿಗೆ ಓಡಿ ಮಲಕಪ್ಪನನ್ನೇ ಎಳೆದು ತಂದ.

ಭಜನೆ ನಿಂತಿತು. ಅಷ್ಟು ಅತ್ತದ್ದು ದಂಡವಾಯಿತಲ್ಲ ಎಂದು ಗುರುಲಿಂಗವ್ವನಿಗೆ ಸಿಟ್ಟು ಬಂತು.

"ಹೇಳು ಮಲಕಪ್ಪಣ್ಣಾ, ಅವತ್ತ ದಂಡಿಮ್ಯಾಲ ಆರಾಮ ಕುಂತಿದ್ದಿಲ್ಲೇನು?" ಎಂದ ರಾಚಪ್ಪ, ಗೆದ್ದವನಂತೆ.

ಮಲಕಪ್ಪ ಚಿತ್ರಕ್ಕೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ.

"ಅವತ್ತ ಮುಂಜಾನಿ ಮಗ್ಗ ಬಿಚ್ಚಿ ಕೊಟ್ಟು ಬಂದಿದ್ನೋ ತಮ್ಮಾ. ಕಣ್ಣ ಹೋದುವು, ಎಳಿ ಕಾಣವಲ್ವು. ಯಾರಿಗೂ ಹೇಳಿಲ್ಲ. ಮನಿಗೆ ಹೋಗಾಕ ಮನಸ್ಸಾಗಲಿಲ್ಲ, ಅಲ್ಲೇ ಕುಂತೆ. ಮಂದಿ ಬರೋಬ್ಬರಿ ನೋಡ್ಯಾರ. ತಪ್ಪ ನೋಡಿದಾಂವ ನೀನೊಬ್ಬನೇ."

ರಾಚಪ್ಪನಿಗೆ ನಾಚಿಕೆಯಾಯಿತು. ಅತ್ತ ಮೂರರ ಬಸ್ಸು ಹಾರನ್ ಹೊಡೆದು ಹೋಯಿತು.

"ಹೆಂಗೂ ಬರದಿ, ವಿಭೂತಿ, ಹಾರ ಅಷ್ಟು ಬರದ ಕೊಡು," ಎನ್ನುತ್ತ ಮಲಕಪ್ಪ ಕಟ್ಟೆಗೆ ಒರಗಿ ಕೂತ. "ಒಯ್ದ ಇಟ್ಕೋತೇನಿ."

ರಾಚಪ್ಪ ಬಿಳಿ ಬಣ್ಣದ ಡಬ್ಬಿ ತೆರೆದ. ಇಪ್ಪತ್ತು ವರ್ಷದಲ್ಲಿ ಅವನ ಸತ್ತವರು ಯಾರೂ ತಕರಾರು ಮಾಡಿದ್ದಿಲ್ಲ. ಈತ ಮಾತ್ರ ಎದುರಿಗೇ ಕೂತು, "ಹಾರ ಇನ್ನೊಂಚೂರು ದಪ್ಪ ಇರ್ಲೋ," ಎಂದ.