ಸದ್ದಿಲ್ಲದ ಮನೆಯಲ್ಲಿ ನನ್ನ ದನಿ

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ದನಿಯೂ ತನಗೆ ಕೇಳದು ಎಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತು ಬಂದಿದ್ದೇನೆ. ನಾನು ಇಂಡಿ ಊರಿನ ನಿಂಬೆಹಣ್ಣಿನ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು. ರಾಶಿಯ ಮುಂದೆ ನಿಂತು ದರ ಏರಿಸುವುದು ನನ್ನ ಕೆಲಸ. ಮೆಲ್ಲಗೆ ಮಾತಾಡಿದರೆ ಹಣ್ಣು ಅಲ್ಲೇ ಕೊಳೆಯುತ್ತದೆ. ನಾನಿಲ್ಲಿ ಕೂಗಿದರೆ ದೂರದ ಹೊರ್ತಿ ಊರಿನಲ್ಲಿ ಎತ್ತುಗಳು ಕಿವಿ ನಿಮಿರಿಸುತ್ತವೆ ಎಂದು ಗೆಳೆಯರು ಚೇಷ್ಟೆ ಮಾಡುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಹೆಣ್ಣು ನೋಡಲು ಸಿಂದಗಿಗೆ ಹೋದಾಗ ನನ್ನನ್ನು ಗೆಲ್ಲಿಸಿದ್ದೂ ಈ ದನಿಯೇ. ಮಾವನವರಿಗೆ ಕಿವಿ ಮಂದ. "ಬಂದ ವರಗೋಳೊಳಗ ಇವನೊಬ್ಬನ ಮಾತು ನನಗ ಕೇಳಿಸೇತಿ, ಇವನಿಗೇ ಕೊಡೂಣು" ಎಂದರಂತೆ. ಮದುವೆಯಾಗಬೇಕಾದ ಹುಡುಗಿ ಮಹಾದೇವಿಯ ಕಿವಿ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ಈಚೆಗೆ ಒಂದು ದಿನ ಅವಳು, "ರೀ, ಎಲ್ಲೆರ ಸದ್ದಿಲ್ಲದ ಕಡೆ ಎರಡು ದಿನ ಸುಮ್ಮನ ಕುಂತು ಬರೂಣ್ರಿ" ಎಂದಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಪಾಪ, ಕನ್ನಡ ಸಾಲಿಯ ಟೀಚರು, ಹುಡುಗರ ಗದ್ದಲ ಕೇಳಿ ಕೇಳಿ ಸಾಕಾಗಿದೆ ಎಂದು ನಾನೇ ಅರ್ಥ ಮಾಡಿಕೊಂಡೆ. ಮಗಳು ಫೋನಿನಲ್ಲಿ ಹುಡುಕಿ, ಕರಾವಳಿಯ ಹತ್ತಿರ ಕಾಯ್ದಿಟ್ಟ ಅರಣ್ಯದೊಳಗೆ ಒಂದು ಬಾಡಿಗೆ ಮನೆ ಗೊತ್ತುಮಾಡಿಕೊಟ್ಟಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಗೇಟಿನಲ್ಲೇ ಒಂದು ಹಲಗೆ: 'ಹಕ್ಕಿಗಳಿವೆ, ಮೆಲ್ಲಗೆ ಮಾತಾಡಿ.' ಓದಿ ಬಹಳ ಮೆಚ್ಚಿದೆ. ಇಂಥ ಬೋರ್ಡು ನಮ್ಮ ಪೇಟೆಗೂ ಬೇಕು ಎಂದು ಮಹಾದೇವಿಗೆ ಹೇಳಿ ಮುಗಿಸುವಷ್ಟರಲ್ಲಿ ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹೋದವು. ಅವುಗಳಿಗೂ ಏನಾದರೂ ಕೆಲಸವಿದ್ದೀತು ಎಂದುಕೊಂಡೆ.

ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತೆ. ದೂರದಲ್ಲಿ ಸಮುದ್ರ ಉಸಿರಾಡುವುದು ಬಿಟ್ಟರೆ ಒಂದೂ ಸದ್ದಿಲ್ಲ. ನನಗೆ ಸಂತೋಷ ತಡೆಯಲಾಗಲಿಲ್ಲ. "ಏಯ್, ಒಳಗೇನ್ ಮಾಡಾಕತ್ತಿ? ಹೊರಗ ಬಾ! ಎಷ್ಟು ಶಾಂತ ಐತಿ ನೋಡ್ ಬಾ!" ಎಂದೆ. ಎಂದೆ ಅಂತ ನಾನು ತಿಳಿದಿದ್ದೆ, ಅಷ್ಟೆ.

ಮಹಾದೇವಿಗಿಂತ ಮೊದಲು ಬಂದದ್ದು ಮನೆಯ ಒಡತಿ, ಹಿತ್ತಲಿನ ಕಡೆಯಿಂದ, ಕೈಯಲ್ಲಿ ಸೌಟು. ವಯಸ್ಸಾದ ಹೆಂಗಸು. ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ, ನೆಟ್ಟಗೆ ಒಳಗೆ ಹೋಗಿ ನನ್ನ ಹೆಂಡತಿಯ ಕೈ ಹಿಡಿದುಕೊಂಡರು. ಕಿಟಕಿ ತೆರೆದಿತ್ತು.

"ಹೆದರ್ಬೇಡಿ ಅಮ್ಮ, ನಾನಿದ್ದೇನೆ. ಅವರು ಕೈ ಮಾಡ್ತಾರಾ?"

"ಅಯ್ಯ, ಇಲ್ರೀ ಅಕ್ಕಾರ" ಎಂದು ಮಹಾದೇವಿ ನಕ್ಕಳು. "ಖುಷಿ ಆದ್ರ ಅವರು ಹಿಂಗ ಮಾತಾಡ್ತಾರ್ರಿ."

"ಹೌದಾ? ಮತ್ತೆ ಸಿಟ್ಟು ಬಂದ್ರೆ?"

ನಾನು ಕುರ್ಚಿಯಲ್ಲಿ ಮುಂದೆ ಬಾಗಿದೆ.

"ಸಿಟ್ಟು ಬಂದ್ರೂ ಹಿಂಗರಿ. ಕೂಗಿದ ಕೂಡಲೇ ಎದಿ ಧಸಕ್ಕಂತೈತಿ. ಆಮ್ಯಾಲ ಮಾರಿ ನೋಡಿ ಖುಷಿನೋ ಸಿಟ್ಟೋ ಅಂತ ತಿಳ್ಕೋತೇನಿ. ಇಷ್ಟು ವರ್ಷ ಆತು, ಇನ್ನೂ ರೂಢಿ ಆಗವಲ್ದು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀರು ಕೇಳಿದಾಗ, ಅಂಗಿ ಕೇಳಿದಾಗ, ಮಗಳು ಪಾಸಾದ ಸುದ್ದಿ ಹೇಳಿದಾಗ, ಅವಳು ಓಡಿಬಂದು ಮೊದಲು ನನ್ನ ಮುಖ ನೋಡುತ್ತಿದ್ದುದು ನೆನಪಾಯಿತು. ನಾನದನ್ನು ಪ್ರೀತಿ ಎಂದುಕೊಂಡಿದ್ದೆ. ಸಾಲಿಯ ಹುಡುಗರ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೆ. ಅವಳು ಎರಡು ದಿನ ರಜೆ ಕೇಳಿದ್ದು ನನ್ನ ದನಿಯಿಂದ; ನಾನು ಬ್ಯಾಗಿನ ಜೊತೆಗೆ ಅದನ್ನೂ ಹೊತ್ತು ತಂದಿದ್ದೆ.

ಉಳಿದ ಹೊತ್ತೆಲ್ಲ ಕೈಸನ್ನೆಯಲ್ಲೇ ಕಳೆದೆ. ಒಡತಿ ಅದನ್ನು ಪಶ್ಚಾತ್ತಾಪ ಎಂದು ತಿಳಿದು ನನಗೂ ಎರಡು ಕರಿದ ಹಲಸಿನ ಹಪ್ಪಳ ಕೊಟ್ಟರು. ಅವರು ತಿಳಿದದ್ದು ತಪ್ಪೇನಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಟಿಕೆಟ್ ಕೇಳಿದರೆ ಕಂಡಕ್ಟರು "ಏನಂದ್ರಿ? ಎಲ್ಲಿಗ್ರಿ?" ಎಂದು ಕೇಳಿದ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮನಸ್ಸಿನಲ್ಲಿ ಒಂದೆರಡು ಸಲ ತಾಲೀಮು ಮಾಡಿಕೊಂಡು, ಬಹಳ ಮೆಲ್ಲಗೆ, "ಇವತ್ತ ರೊಟ್ಟಿ ಭಾಳ ಚಲೋ ಆಗ್ಯಾವ" ಎಂದೆ.

ಬಡಿತ ನಿಂತಿತು. ಹಿಟ್ಟಿನ ಕೈಯಲ್ಲೇ ತಿರುಗಿ ನನ್ನ ಮುಖ ನೋಡಿದಳು.

"ಯಾಕ್ರಿ, ನನ್ನಿಂದ ಏನರ ತಪ್ಪಾತೇನು?"

ಏನೂ ಇಲ್ಲ, ಖರೇನೇ ಚಲೋ ಆಗ್ಯಾವ ಎಂದೆ. ನಂಬಲಿಲ್ಲ. ಮತ್ತೊಮ್ಮೆ ಅಷ್ಟೇ ಮೆಲ್ಲಗೆ ಹೇಳಿದೆ. ಅವಳ ಕಣ್ಣು ಇನ್ನಷ್ಟು ದೊಡ್ಡದಾಯಿತು. ಕೊನೆಗೆ ಅವಳನ್ನು ನಂಬಿಸಲು ನಾನು ಕೂಗಲೇಬೇಕಾಯಿತು.