ಸ್ಪ್ಯಾನಿಷಿನಲ್ಲಿ ನನ್ನ ಹೆಂಡತಿಯ ಜ್ವರ

'ಗೊತ್ತಿಲ್ಲ' ಎಂಬ ಮಾತು ಮೇಷ್ಟ್ರುಗಳ ಬಾಯಲ್ಲಿ ಬರುವುದು ಅಪರೂಪ. ನಾನಂತೂ ಕೊಳ್ಳೇಗಾಲದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವನು; ಇಂಗ್ಲಿಷೇ ಬಂದಮೇಲೆ ಉಳಿದ ಭಾಷೆ ಯಾವ ಮಹಾ ಎಂಬ ಕೊಬ್ಬು ಆ ವಯಸ್ಸಿನಲ್ಲಿ ಬೇಕಾದಷ್ಟಿತ್ತು. ಅರವತ್ತರ ದಶಕವದು, ಎಲ್ಲರಿಗೂ ಪತ್ರಮಿತ್ರರ ಹುಚ್ಚು. ಜೊತೆಯ ಮೇಷ್ಟ್ರುಗಳು ಲಂಡನ್ನು, ಸಿಲೋನು ಎಂದು ಸುಲಭದ ಊರು ಹಿಡಿದರೆ ನಾನು ಸ್ಪೇನ್ ದೇಶದ ಪೆದ್ರೊ ಎಂಬ ಮೇಷ್ಟ್ರನ್ನು ಹಿಡಿದೆ. ಸಾಲದ್ದಕ್ಕೆ ಮೈಸೂರಿನಿಂದ ಸ್ಪ್ಯಾನಿಷ್ ಕಲಿಸುವ ಹಳೇ ಪುಸ್ತಕವೊಂದನ್ನು ತಂದು, ಇನ್ನು ನಿನ್ನ ಭಾಷೆಯಲ್ಲೇ ಬರೆಯುತ್ತೇನೆಂದು ಅವನಿಗೆ ಮಾತು ಕೊಟ್ಟೆ. ಆ ಪುಸ್ತಕದ ಅರ್ಧ ಭಾಗವನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು.

ಆಗಲೇ ನನ್ನ ಹೆಂಡತಿ ಗೌರಮ್ಮನಿಗೆ ಜ್ವರ ಬಂತು. ಸತ್ತೇಗಾಲದ ಕಬ್ಬಿನ ಗದ್ದೆಗಳಲ್ಲಿ ಓಡಾಡಿ ಬೆಳೆದ ಗಟ್ಟಿ ಹೆಂಗಸು. ಅವಳು ಮಲಗಿದಳೆಂದರೆ ಸ್ಪೇನಿಗೂ ತಿಳಿಸಬೇಕಾದ ಸುದ್ದಿಯೇ. 'ಹೆಂಡತಿಗೆ ಹುಷಾರಿಲ್ಲ' ಎಂದು ಬರೆಯಲು ಹೊರಟೆ. ಕಾಯಿಲೆಯವಳಿಗೆ 'ಮಾಲಾ' ಎಂಬ ಮಾತೇನೋ ಪುಸ್ತಕದಲ್ಲಿ ಸಿಕ್ಕಿತು, ಆದರೆ ಇಂಗ್ಲಿಷಿನ 'ಈಸ್' ಎಂಬ ಒಂದೇ ಮಾತಿಗೆ ಆ ಭಾಷೆಯಲ್ಲಿ ಎರಡು: 'ಎಸ್' ಮತ್ತು 'ಎಸ್ತಾ'. ಯಾವುದನ್ನು ಎಲ್ಲಿ ಹಾಕಬೇಕೆಂದು ಹೇಳುವ ಪುಟವೇ ಗೆದ್ದಲಿನ ಪಾಲಾಗಿತ್ತು. "ಎಸ್ ಮಾಲಾ... ಎಸ್ತಾ ಮಾಲಾ..." ಎಂದು ಗೊಣಗುತ್ತಾ ಕೂತಿದ್ದಾಗ ಹಾಸಿಗೆಯಿಂದ ಗುಡುಗು ಬಂತು: "ಯಾವಳ್ರೀ ಅವಳು ಮಾಲಾ? ನಾನಿನ್ನೂ ಸತ್ತಿಲ್ಲ ಕಣ್ರಿ!" ಗಾಬರಿಯಲ್ಲಿ ಚಿಕ್ಕದನ್ನೇ ಆರಿಸಿ, 'ಎಸ್ ಮಾಲಾ' ಎಂದು ಬರೆದು ಅಂಚೆಗೆ ಹಾಕಿಬಿಟ್ಟೆ.

ಪೆದ್ರೊನ ಉತ್ತರ ಬಂತು. "ಗೆಳೆಯಾ, ಧೈರ್ಯ ತಂದುಕೋ. ನನ್ನವಳೂ ಇಪ್ಪತ್ತು ವರ್ಷದಿಂದ ಎಸ್ ಮಾಲಾ." ಅಷ್ಟರಲ್ಲಿ ಎದ್ದು ಓಡಾಡುತ್ತಿದ್ದ ಗೌರಮ್ಮನಿಗೆ ನಾನು ತಿಳಿದಿದ್ದ ಅರ್ಥ ಹೇಳಿದೆ. ಅವಳ ಕಣ್ಣು ತುಂಬಿತು. "ಅಯ್ಯೋ ಶಿವನೇ, ಇಪ್ಪತ್ತು ವರ್ಸದಿಂದ ಆಸ್ಗೆ ಇಡ್ದವಳಾ ಆ ತಾಯಿ? ಮಾದಪ್ಪನ ಇಬೂತಿ ಕಳ್ಸಣ ಕಣ್ರಿ." ಮಾದಪ್ಪನ ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ಪೊಟ್ಟಣ ಕಟ್ಟಿ, ದಿನಾ ಹೆಂಡತಿಯ ಹಣೆಗೆ ಹಚ್ಚು, ಕಾಯಿಲೆ ವಾಸಿಯಾಗುತ್ತದೆ ಎಂದು ಬರೆದು ಕಳಿಸಿದೆ. ನನಗೂ ಪುಣ್ಯದ ಕೆಲಸ ಮಾಡಿದ ಸಂತೋಷ.

ಈ ಸಲ ಕಾಗದ ಬರೆದವಳು ಪೆದ್ರೊನ ಹೆಂಡತಿ. "ನಾನು ಗುಂಡುಕಲ್ಲಿನ ಹಾಗಿದ್ದೇನೆ, ಒಂದು ದಿನವೂ ಮಲಗಿದವಳಲ್ಲ. 'ಎಸ್ತಾ ಮಾಲಾ' ಎಂದರೆ ಕಾಯಿಲೆಯವಳು. 'ಎಸ್ ಮಾಲಾ' ಎಂದರೆ ಕೆಟ್ಟವಳು. ನನ್ನ ಗಂಡ ಬರೆದದ್ದು ಯಾವುದು? ನಿಮ್ಮ ಉತ್ತರ ಬರುವವರೆಗೆ ನಾನು ತವರುಮನೆಯಲ್ಲಿರುತ್ತೇನೆ." ಅಲ್ಲಿ ಒಂದು ಸಂಸಾರ ನನ್ನ ಒಂದು ಕ್ರಿಯಾಪದಕ್ಕಾಗಿ ಕಾಯುತ್ತಿದೆ!

ಬೇರೆ ದಾರಿ ಕಾಣದೆ ಗೌರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ.

"ಅಂಗಾರೆ ನನ್ನ ಕೆಟ್ಟವಳು ಅಂತ ದೇಸಕ್ಕೆಲ್ಲ ಸಾರ್ಬುಟ್ರಾ?" ಎಂದು ಸೊಂಟಕ್ಕೆ ಕೈಯಿಟ್ಟಳು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಅವಳು ಕಿಸಕ್ಕೆಂದಳು. "ಇದ್ರಾಗೇನೈತೆ ಮಾ ವಿದ್ಯೆ? ಉಸಾರಿಲ್ಲ ಅಂದ್ರೆ ಜ್ವರ. ಉಸಾರಲ್ಲ ಅಂದ್ರೆ ದಡ್ಡ. ನಮ್ಮೂರ್ ಮಕ್ಕಳ್ಗೂ ಗೊತ್ತು ಕಣ್ರಿ."

ಗೆದ್ದಲು ತಿಂದ ಪುಟ ನನ್ನ ಅಡುಗೆಮನೆಯಲ್ಲೇ ಇತ್ತು!

"ಈಗ ಏನು ಬರೀಲಿ?" ಎಂದೆ.

"ಎಸ್ತಾ ಅಂತ್ಲೇ ಬರದ್ಬುಡಿ. ಆ ಮನೆ ಉಳ್ಕಳ್ಲಿ."

ನಿಜವನ್ನು ನುಂಗಿ ಹಾಗೇ ಬರೆದೆ. ಪೆದ್ರೊನ ಹೆಂಡತಿ ಮನೆಗೆ ಬಂದಳು. ಅವನು ಖುಷಿಯಿಂದ ಗಂಡಹೆಂಡಿರ ಫೋಟೋ ಕಳಿಸಿದ. ಇಬ್ಬರ ಹಣೆಯಲ್ಲೂ ವಿಭೂತಿ. ಗೌರಮ್ಮ ಅದನ್ನು ಕೇರಿಗೆಲ್ಲ ತೋರಿಸಿ ಬಂದಳು.

ಮುಂದಿನ ತಿಂಗಳು ಜ್ವರ ಬಂದು ಮಲಗುವ ಸರದಿ ನನ್ನದು. ಮೇಷ್ಟ್ರು ಯಾಕೆ ಬರಲಿಲ್ಲವೆಂದು ಸ್ಕೂಲಿನ ಜವಾನ ಮನೆಗೆ ಬಂದು ವಿಚಾರಿಸಿದ. ಗೌರಮ್ಮ ಬಾಗಿಲಲ್ಲೇ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ, "ನಮ್ ಮೇಷ್ಟ್ರು ಉಸಾರಲ್ಲ ಕಣಪ್ಪಾ" ಎಂದಳು.

ತಿದ್ದೋಣವೆಂದು ತಲೆ ಎತ್ತಿದೆ. ಯೋಚಿಸಿದೆ. ವ್ಯಾಕರಣ ಸರಿಯಾಗಿಯೇ ಇತ್ತು, ಕಂಬಳಿ ಎಳೆದುಕೊಂಡೆ.